ಹೊಸ ಎಣ್ಣೆ ಆಮೇಲೆ, ಮೊದಲು ಹಳೇ ಎಣ್ಣೆ

ನನ್ನ ಸಿಂಗರ್ 15ಕೆ ಹೊಲಿಗೆ ಮಷಿನ್ನಿನ ಕೈಚಕ್ರ ಅಲುಗಾಡಬೇಕಾದರೆ ಮೊದಲು ಸುಮಾರು 450 ಗ್ರಾಂ ತೂಕ ಬೇಕಾಗಿತ್ತು. ಈಗ 70 ಗ್ರಾಂ ಸಾಕು.

ಅಳೆಯುವುದು ಸುಲಭ. ಬೆಲ್ಟ್ ಬಿಚ್ಚಿ, ಸೂಜಿ ತೆಗೆದು, ಬೆಲ್ಟ್ ಕೂರುವ ತಗ್ಗಿನಲ್ಲಿ ದಾರ ಎರಡು ಸುತ್ತು ಸುತ್ತಿದೆ. ದಾರದ ತುದಿಯನ್ನು ಟೇಬಲ್ ಅಂಚಿನಿಂದ ನನ್ನ ಕಡೆಗೆ ಇಳಿಬಿಟ್ಟು ಒಂದು ಪ್ಲಾಸ್ಟಿಕ್ ಲೋಟ ಕಟ್ಟಿದೆ. ಲೋಟಕ್ಕೆ ಒಂದೊಂದೇ ನಟ್ಟು ಹಾಕುತ್ತಾ ಹೋಗುವುದು. ಚಕ್ರ ತಾನಾಗಿ ಜರುಗಿದ ಕೂಡಲೇ ಲೋಟ ತೂಗುವುದು. ಚಕ್ರದ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಮಾಡಿಕೊಂಡು ಪ್ರತಿ ಸಲ ಅದೇ ಜಾಗದಿಂದ ಶುರು ಮಾಡಬೇಕು. ಇಲ್ಲದಿದ್ದರೆ ನೀಡಲ್ ಬಾರ್ (ಸೂಜಿ ಹಿಡಿದಿರುವ ಕಡ್ಡಿ) ಏರುವಾಗ ಒಂದು ಲೆಕ್ಕ, ಇಳಿಯುವಾಗ ಇನ್ನೊಂದು ಲೆಕ್ಕ ಬರುತ್ತದೆ.

ನನಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಇದನ್ನು ನೋಡಿ, "ಅಲ್ಲಮ್ಮಾ, ಮಷಿನ್ ರಿಪೇರಿ ಮಾಡ್ತಿದ್ದೀಯಾ, ತಕ್ಕಡಿ ಹಿಡಿದು ವ್ಯಾಪಾರ ಮಾಡ್ತಿದ್ದೀಯಾ?" ಅಂತ ನಕ್ಕರು. "ಹಳೇ ಮಷಿನ್ ಸವೆದಿರುತ್ತೆ. ದಪ್ಪ ಎಣ್ಣೆ ಹಾಕು, ಸರಿಹೋಗುತ್ತೆ" ಅಂದರು. ಆ ಮಾತು ಕೇಳಿ ಹತ್ತಿರ ಹತ್ತಿರ ಆರು ತಿಂಗಳು ಕಳೆದುಕೊಂಡೆ. ಅವರ ಮೇಲೆ ಸಿಟ್ಟಿಲ್ಲ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಯಾವ ಅರ್ಧ ಅಂತ ಆಮೇಲೆ ಗೊತ್ತಾಯಿತು.

ಮಷಿನ್ ಸಿಕ್ಕಿದ್ದು ಗುಜರಿ ಕಬ್ಬಿಣದ ಬೆಲೆಗೆ. ಕೆ ಅಂದರೆ ಕಿಲ್ಬೋವಿ, ಸ್ಕಾಟ್ಲೆಂಡಿನ ಕಾರ್ಖಾನೆ. ಅದು ಬಾಗಿಲು ಮುಚ್ಚಿದ್ದೇ 1980ರಲ್ಲಿ. ಒಳಗಿದ್ದ ಎಣ್ಣೆ ಎಷ್ಟು ಹಳೆಯದಿರಬಹುದು, ನೀವೇ ಲೆಕ್ಕ ಹಾಕಿ. ಅಡಿಭಾಗ ಎತ್ತಿ ನೋಡಿದರೆ ಕಂದು ಬಣ್ಣದ ವಾರ್ನಿಷ್ ಬಳಿದ ಹಾಗಿತ್ತು. ಉಗುರಿನಲ್ಲಿ ಕೆರೆದರೂ ಬರಲಿಲ್ಲ.

ಮೊದಲು ಎಲ್ಲರ ಹಾಗೆ ನಾನೂ ಎಲ್ಲ ತೂತುಗಳಿಗೂ ಹೊಲಿಗೆ ಎಣ್ಣೆ ಸುರಿದೆ. ಸಂಜೆ ಹೊತ್ತಿಗೆ 300ಕ್ಕೆ ಇಳಿಯಿತು. ಖುಷಿಯೋ ಖುಷಿ. ಬೆಳಗ್ಗೆ ಎದ್ದು ನೋಡಿದರೆ ಮತ್ತೆ 400. ಹೊಸ ಎಣ್ಣೆ ಹಳೇ ಜಿಡ್ಡನ್ನು ಸ್ವಲ್ಪ ನೆನೆಸಿ ಗೋಂದು ಮಾಡಿತ್ತು, ಅಷ್ಟೇ.

ಆಮೇಲೆ ದಪ್ಪ ಎಣ್ಣೆಯ ಸರದಿ. ಎಂಜಿನ್ ಆಯಿಲ್ ಹಾಕಿದೆ. ತೂಕ 500 ದಾಟಿತು. ಅದೂ ಸಾಲದು ಅಂತ ನೀಡಲ್ ಬಾರಿನಿಂದ ತೊಟ್ಟಿಕ್ಕಿ ಒಂದು ಬಿಳಿ ಬಟ್ಟೆ ಹಾಳಾಯಿತು. ಬಟ್ಟೆ ಬೇರೆಯವರದು. ಹೊಲಿದ ಕೂಲಿ ಬಿಟ್ಟು ಬಟ್ಟೆಯ ದುಡ್ಡನ್ನೂ ಕೊಟ್ಟೆ.

ಮೂರನೆಯದು ತುಕ್ಕು ಬಿಡಿಸುವ ಸ್ಪ್ರೇ. ಎರಡು ದಿನ ನೀರಿನ ಹಾಗೆ ಓಡಿತು. ಮೂರನೇ ವಾರಕ್ಕೆ ಕೀಚ್ ಕೀಚ್ ಶುರು. ಅದರಲ್ಲಿ ಹೆಚ್ಚಿನ ಪಾಲು ಆರಿ ಹೋಗುತ್ತದೆ. ಹೋಗುವ ಮುಂಚೆ ಇದ್ದ ಒಳ್ಳೆ ಎಣ್ಣೆಯನ್ನೂ ತೊಳೆದುಕೊಂಡು ಹೋಗಿರುತ್ತದೆ.

ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ಗಡಿಯಾರಕ್ಕೆ ಹಾಕುವ ಸಿಂಥೆಟಿಕ್ ಎಣ್ಣೆ ತರಿಸಿದೆ. ಬೆರಳುದ್ದದ ಶೀಶೆ. ಅದಕ್ಕೆ ಕೊಟ್ಟ ದುಡ್ಡು ಮಷಿನ್ನಿನ ಬೆಲೆಯ ಅರ್ಧದಷ್ಟು. ಎಲ್ಲ ಡಬ್ಬಿಗಳ ಲೆಕ್ಕ ಸೇರಿಸಿದರೆ ಮಷಿನ್ನಿಗಿಂತ ಎಣ್ಣೆಗೇ ಜಾಸ್ತಿ ಆಗಿತ್ತು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ. ಗಡಿಯಾರದ ಎಣ್ಣೆಯಿಂದ ಹತ್ತು ಗ್ರಾಂ ಕೂಡ ಇಳಿಯಲಿಲ್ಲ.

ಸಿಟ್ಟಿನಲ್ಲಿ ಒಂದು ಗಾಜಿನ ಹಲಗೆ ತೆಗೆದುಕೊಂಡು ಮನೆಯಲ್ಲಿದ್ದ ಎಲ್ಲ ಎಣ್ಣೆಗಳನ್ನೂ ಒಂದೊಂದು ಹನಿ ಸಾಲಾಗಿ ಇಟ್ಟೆ. ಹೆಸರು ಬರೆದು ಕಿಟಕಿಯ ಬಿಸಿಲಿಗೆ ಇಟ್ಟು ಮರೆತೆ. ನಾಲ್ಕು ತಿಂಗಳ ಮೇಲೆ ನೋಡಿದರೆ, ಅಡುಗೆ ಎಣ್ಣೆಯ ಹನಿ ರಬ್ಬರಿನ ಹಾಗೆ ಗಟ್ಟಿಯಾಗಿತ್ತು. (ಹಿಂದಿನ ಮಾಲೀಕರು ನನ್ನ ಮಷಿನ್ನಿಗೆ ಅದನ್ನೇ ಹಾಕಿದ್ದರು ಅನ್ನುವುದು ನನ್ನ ಅನುಮಾನ.) ಸ್ಪ್ರೇ ಇದ್ದ ಜಾಗದಲ್ಲಿ ಕಲೆ ಮಾತ್ರ. ಹೊಲಿಗೆ ಎಣ್ಣೆ ಹಾಗೇ ತೆಳ್ಳಗೆ, ನೀರಿನಷ್ಟು ತಿಳಿಯಾಗಿ ಇತ್ತು. ಔಷಧಿ ಅಂಗಡಿಯಲ್ಲಿ ಸಿಗುವ ಲೈಟ್ ಲಿಕ್ವಿಡ್ ಪ್ಯಾರಾಫಿನ್ ಕೂಡ ಹಾಗೇ ಇತ್ತು. ಎರಡೂ ಬಿಳಿ ಖನಿಜ ಎಣ್ಣೆಯೇ ಅಲ್ವಾ, ಆಶ್ಚರ್ಯ ಇಲ್ಲ. ಎಣ್ಣೆ ಮುಗಿದ ದಿನ ನಾನು ಪ್ಯಾರಾಫಿನ್ ಹಾಕಿ ಹೊಲಿದಿದ್ದೇನೆ, ಏನೂ ತೊಂದರೆ ಆಗಲಿಲ್ಲ.

ಆ ಗಾಜು ನೋಡಿದ ಮೇಲೆ ಹೊಳೆಯಿತು. ತಪ್ಪು ನಾನು ಹಾಕಿದ ಎಣ್ಣೆಯದಲ್ಲ, ನಾನು ತೆಗೆಯದೆ ಬಿಟ್ಟ ಎಣ್ಣೆಯದು.

ಸೀಮೆಎಣ್ಣೆ ತಂದೆ. ಮಷಿನ್ ತಲೆಯನ್ನು ಹೊರಗೆ, ಗಾಳಿಯಾಡುವ ಕಡೆ ಇಟ್ಟು, ಮುಖದ ಪ್ಲೇಟು, ಸೂಜಿ ಪ್ಲೇಟು, ಶಟಲ್ (ಬಾಬಿನ್ ಹತ್ತಿರ ಓಡಾಡುವ ಕೊಕ್ಕೆ) ಎಲ್ಲ ಬಿಚ್ಚಿದೆ. ಮೋಟರ್ ಇದ್ದರೆ ಅದನ್ನು ಮೊದಲೇ ಕಳಚಿ ದೂರ ಇಡಿ, ಸೀಮೆಎಣ್ಣೆಗೂ ಕಿಡಿಗೂ ಆಗಿಬರಲ್ಲ. ಪ್ರತಿ ತೂತಿಗೂ ಸಿರಿಂಜಿನಲ್ಲಿ ಸೀಮೆಎಣ್ಣೆ ಬಿಟ್ಟು ಚಕ್ರವನ್ನು ಹಿಂದೆ ಮುಂದೆ ಆಡಿಸುವುದು. ಕೆಳಗೆ ಹಳೇ ಪೇಪರ್. ಮೊದಲ ಸಲ ಚಹಾದ ಡಿಕಾಕ್ಷನ್ ಹಾಗೆ ಕಂದು ಬಣ್ಣ ಇಳಿಯಿತು. ಒರೆಸಿ, ಹೇರ್ ಡ್ರೈಯರಿನಿಂದ ಬುಷ್ (ಶಾಫ್ಟ್ ತಿರುಗುವ ಲೋಹದ ಕೊಳವೆ) ಇರುವ ಜಾಗವನ್ನೆಲ್ಲ ಬಿಸಿ ಮಾಡಿ, ಮತ್ತೆ ಸೀಮೆಎಣ್ಣೆ. ದಿನಕ್ಕೆ ಎರಡು ಸಲ, ನಾಲ್ಕು ದಿನ. ಐದನೇ ದಿನವೂ ಮಾಡಿದೆನೇನೋ, ಸರಿಯಾಗಿ ನೆನಪಿಲ್ಲ. ಇಳಿಯುವ ಸೀಮೆಎಣ್ಣೆ ತಿಳಿಯಾಗುವ ತನಕ ಬಿಡಬಾರದು ಅನ್ನುವುದಷ್ಟೇ ಲೆಕ್ಕ. ಬಿಸಿ ಮಾಡುವುದಕ್ಕೂ ಸೀಮೆಎಣ್ಣೆ ಬಿಡುವುದಕ್ಕೂ ನಡುವೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಅದರಿಂದಲೇ ಎರಡು ದಿನ ಉಳಿಯುತ್ತದೆ. ಅದನ್ನು ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ಕೊನೇ ಸಲ ಒರೆಸಿದಾಗ ತೂಕ 160. ಒಂದು ಹನಿ ಎಣ್ಣೆ ಇನ್ನೂ ಹಾಕಿರಲಿಲ್ಲ! ಆದರೆ ಹಾಗೇ ಓಡಿಸಬೇಡಿ. ಸೀಮೆಎಣ್ಣೆ ಆರಿದ ಮೇಲೆ ಲೋಹ ಬತ್ತಲೆ. ಅವತ್ತೇ ಎಣ್ಣೆ ಹಾಕಿದೆ. ಐಎಸ್‌ಒ ವಿಜಿ (ಎಣ್ಣೆ ಎಷ್ಟು ದಪ್ಪ ಅಂತ ಹೇಳುವ ಅಳತೆ) 22ರ ಆಸುಪಾಸಿನ ಸಾದಾ ಹೊಲಿಗೆ ಎಣ್ಣೆ. ತೂತಿಗೆ ಒಂದೇ ಹನಿ. ದಾರ ಇಲ್ಲದೆ ಹತ್ತು ನಿಮಿಷ ಓಡಿಸಿ, ಹೊರಗೆ ಬಂದ ಕಪ್ಪನ್ನು ಒರೆಸಿ, ಮತ್ತೆ ಒಂದು ಹನಿ. ಮೂರು ದಿನ ಹೀಗೇ. ಶಟಲ್ ಓಡುವ ದಾರಿಗೂ ಒಂದು ಹನಿ. ಆ ದಾರಿಯನ್ನು ಜಾಸ್ತಿ ಜನ ಮರೆಯುತ್ತಾರೆ, ಗಡಗಡ ಸದ್ದು ಬರುವುದೇ ಅಲ್ಲಿಂದ. ಕೊನೆಗೆ 70ಕ್ಕೆ ಬಂದು ನಿಂತಿತು.

ಹಿರಿಯರು ಹೇಳಿದ ದಪ್ಪ ಎಣ್ಣೆಯ ಅರ್ಧ ನಿಜ ಇರುವುದು ಕೆಳಗೆ, ಕಾಲು ತುಳಿಯುವ ಸ್ಟ್ಯಾಂಡಿನಲ್ಲಿ. ಪೆಡಲಿನ ಸಂದು, ಚಕ್ರಕ್ಕೆ ಹೋಗುವ ಕಡ್ಡಿಯ ಬೇರಿಂಗ್, ಇವು ನಿಧಾನ, ಭಾರ ಜಾಸ್ತಿ, ಸವೆತವೂ ಜಾಸ್ತಿ. ಅಲ್ಲಿ ತೆಳು ಎಣ್ಣೆ ನಿಲ್ಲುವುದಿಲ್ಲ, ನೆಲಕ್ಕೆ ಇಳಿಯುತ್ತದೆ. ಅದಕ್ಕೆ ನಾನೇ ಎರಡು ಎಣ್ಣೆ ಬೆರೆಸಿಕೊಂಡಿದ್ದೇನೆ. ಪ್ರಮಾಣ ನನ್ನ ಹತ್ತಿರವೇ ಇರಲಿ. ಬೆಲ್ಟಿಗೆ ಒಂದು ಹನಿಯೂ ತಾಗಬಾರದು. ಬಾಬಿನ್ ಸುತ್ತುವ ರಬ್ಬರ್, ದಾರ ಬಿಗಿಹಿಡಿಯುವ ಟೆನ್ಶನ್ ಪ್ಲೇಟು, ಇವಕ್ಕೂ ಅದೇ ಮಾತು. ನಿಮಗೆ ಗೊತ್ತಿದ್ದದ್ದೇ.

ಸಿಂಗರಿನದೇ ಇನ್ನೊಂದು ಮಾದರಿ 201ಕೆಯಲ್ಲಿ ನಾನು ಮಾಡಿಕೊಂಡ ಎಡವಟ್ಟು ಬೇರೆ. ಗೇರುಗಳಿಗೆ ಗ್ರೀಸ್ ಸರಿ. ಆದರೆ ತಲೆಗೇ ಅಂಟಿಕೊಂಡಿರುವ ಆ ಮೋಟರಿನಲ್ಲಿ ಎರಡು ಗ್ರೀಸ್ ಟ್ಯೂಬುಗಳಿವೆ. ನಾನು ದುಬಾರಿ ಲಿಥಿಯಂ ಗ್ರೀಸ್ ತುಂಬಿದೆ, ಮೋಟರಿನ ಬಿಸಿಗೆ ಕರಗದಂಥದ್ದು. ಅದೇ ತಪ್ಪಾಯಿತು. ಅಲ್ಲಿ ಕರಗಲೇಬೇಕು. ಮೋಟರ್ ಬೆಚ್ಚಗಾದಾಗ ಗ್ರೀಸ್ ಕರಗಿ ಫೆಲ್ಟಿನ (ಎಣ್ಣೆ ಹೀರುವ ಉಣ್ಣೆಯ ತುಂಡಿನ) ಮೂಲಕ ಶಾಫ್ಟಿಗೆ ತಲುಪುವ ಏರ್ಪಾಡು ಅದು. ಎರಡು ಮೂರು ತಿಂಗಳಲ್ಲಿ ಮೋಟರ್ ಕಿರುಚತೊಡಗಿತು. ಬಿಚ್ಚಿದರೆ ಟ್ಯೂಬ್ ತುಂಬ ಗ್ರೀಸ್, ಫೆಲ್ಟ್ ಮಾತ್ರ ಒಣ ಕೊಬ್ಬರಿ. ಈಗ ಆ ಮೋಟರಿಗೆಂದೇ ಮಾಡಿದ ಮೆದು ಗ್ರೀಸ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಇನ್ನೊಂದು ಮೋಟರಿನ ಬುಷ್ ಸಿಂಟರ್ ಮಾಡಿದ, ಅಂದರೆ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಕಂಚಿನದು, ಮೈತುಂಬ ಸಣ್ಣ ರಂಧ್ರ. ಸುಮ್ನೆ ಕುತೂಹಲಕ್ಕೆ ಅದನ್ನು ಬಿಚ್ಚಿ ಬೆಚ್ಚಗಿನ ಎಣ್ಣೆಯಲ್ಲಿ ಮುಳುಗಿಸಿದೆ. ಒಂದು ಗಂಟೆ ಗುಳ್ಳೆ ಬರುತ್ತಲೇ ಇತ್ತು. ಅಷ್ಟು ಬಾಯಾರಿತ್ತು. ಇಂಥ ಬುಷ್‌ಗೆ ಗ್ರೀಸ್ ಮೆತ್ತಿದರೆ ರಂಧ್ರ ಮುಚ್ಚಿಹೋಗುತ್ತದೆ, ಎಣ್ಣೆಯೇ ಸರಿ.

ಎಲ್ಲ ಪ್ರಯೋಗವೂ ಹೀಗೆ ಚೆನ್ನಾಗಿ ಮುಗಿಯಲಿಲ್ಲ. ಅಸಿಟೋನ್ ಮತ್ತು ಗೇರ್ ಬಾಕ್ಸ್ ಎಣ್ಣೆ ಬೆರೆಸಿದರೆ ಎಂಥ ಜಾಮ್ ಆದರೂ ಬಿಡುತ್ತದೆ ಅಂತ ಯಾರೋ ಹೇಳಿದ್ದರು. ನಿಜ, ಬಿಟ್ಟಿತು. ಜಾಮ್ ಜೊತೆಗೆ ಅಂಗೈ ಅಗಲದ ಕಪ್ಪು ಬಣ್ಣವೂ ಬಿಟ್ಟಿತು. ಇನ್ನೊಂದು ಸಲ ಸ್ಪಿರಿಟ್ ಬಟ್ಟೆಯಿಂದ ಮೈ ಒರೆಸಿದೆ. ಈ ಮಷಿನ್‌ಗಳ ಮೇಲಿನ ಹೊಳಪು ಅರಗಿನದು, ಸ್ಪಿರಿಟ್ ತಾಗಿದರೆ ಕರಗುತ್ತದೆ. ಮಷಿನ್ ಮೈಮೇಲಿನ ಚಿನ್ನದ ಬಣ್ಣದ ಬಳ್ಳಿ ಚಿತ್ತಾರ ನನ್ನ ಕಣ್ಣೆದುರೇ ಬೆಳ್ಳಿಯಾಯಿತು. ಈಗ ಮೈಗೆ ಹೊಲಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಮಾತ್ರ.

ಹೋದ ತಿಂಗಳು ಆ ಹಿರಿಯ ಮೆಕ್ಯಾನಿಕ್ ಒಂದು ಸಿಂಗರ್ 66 ಮಷಿನ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. "ನಾನು ಎಲ್ಲ ಎಣ್ಣೆಯೂ ಹಾಕಿ ನೋಡಿದೆ, ಜಗ್ಗಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆ ನಿನ್ನ ಲೋಟ ಎಲ್ಲಮ್ಮಾ?" ಅಂದರು. ಶಟಲ್ ಹತ್ತಿರ ಇರಬೇಕಾದ ಕೆಂಪು ಫೆಲ್ಟ್ ಕಾಣೆ, ಹೊಸದು ಕತ್ತರಿಸಬೇಕು. ಲೋಟದಲ್ಲಿ 620 ಗ್ರಾಂ ಬಂತು. ಇವತ್ತು ಸೀಮೆಎಣ್ಣೆಯ ಮೂರನೇ ದಿನ, ಪೇಪರಿನ ಮೇಲೆ ಇನ್ನೂ ಕಂದೇ ಇಳಿಯುತ್ತಿದೆ.