ಹಿಂಬರಹ ಕೈಗೆ ಬಂದ ಮೇಲೆಯೇ ನನ್ನ ಕೆಲಸ

ಪೆರೋಲ್ ಅರ್ಜಿ ಹುಟ್ಟುವುದು ಜೈಲಿನಲ್ಲಿ. ಅದರ ಹಣೆಬರಹ ಬರೆಯುವುದು ಮಾತ್ರ ಕೈದಿಯ ಊರಿನ ಠಾಣೆ. ಮಂಡ್ಯದಲ್ಲಿ ವಕೀಲಿಕೆ ಮಾಡುತ್ತಾ ಮೈಸೂರು ಕೇಂದ್ರ ಕಾರಾಗೃಹದ ಜೀವಾವಧಿ ಕೈದಿಗಳಿಗಾಗಿ ಓಡಾಡುವ ನನಗೆ ಇದು ಬೇಗನೆ ಮನದಟ್ಟಾಯಿತು. ಕಾರಾಗೃಹದ ಅಧೀಕ್ಷಕರು ಪೊಲೀಸರ ಅಭಿಪ್ರಾಯ ಕೇಳುತ್ತಾರೆ, ಕಾಗದ ಠಾಣೆಗೆ ಇಳಿಯುತ್ತದೆ, ಅಲ್ಲಿಂದ ಒಂದೇ ವಾಕ್ಯ ಮೇಲೇರುತ್ತದೆ: ‘ಸದರಿ ಕೈದಿಯನ್ನು ಬಿಡುಗಡೆ ಮಾಡಿದಲ್ಲಿ ಗ್ರಾಮದಲ್ಲಿ ಶಾಂತಿಭಂಗವಾಗುವ ಸಂಭವವಿರುತ್ತದೆ.’ ಅದರ ಮೇಲೆ ಅರ್ಜಿ ತಿರಸ್ಕೃತ.

ತಾಯಿಗೆ ಕಾಯಿಲೆ, ಮನೆ ಸೋರುತ್ತಿದೆ ಎಂದು ಗೋಳು ಹೇಳಿಕೊಂಡು ಅಧಿಕಾರಿಗಳ ಮುಂದೆ ನಿಲ್ಲುವ ಬದಲು ನಾನು ಮೊದಲು ಕೇಳುವುದು ಲಿಖಿತ ಹಿಂಬರಹ, ಅಂದರೆ ಅರ್ಜಿ ಏಕೆ ತಿರಸ್ಕೃತವಾಯಿತೆಂದು ಕಚೇರಿ ಬರೆದುಕೊಡುವ ಉತ್ತರ, ಮತ್ತು ಪೊಲೀಸ್ ವರದಿಯ ಪ್ರತಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆಗಳ ಗಡುವಿದೆ ಎಂದು ಅದರಲ್ಲೇ ಬರೆಯುತ್ತೇನೆ. ಗಡುವು ಪಾಲನೆಯಾಗುವುದೇ ಎಂಬುದು ಬೇರೆ ಮಾತು.

ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿಯ ಪ್ರಕರಣದಲ್ಲಿ ವರದಿ ‘ಗ್ರಾಮಸ್ಥರ ತೀವ್ರ ವಿರೋಧವಿದೆ’ ಎಂದಿತ್ತು. ಯಾವ ಗ್ರಾಮಸ್ಥರು? ಒಂದು ಹೆಸರಿಲ್ಲ, ಒಂದು ಸಹಿಯಿಲ್ಲ. ನಾನೇ ಊರಿಗೆ ಹೋದೆ. ಹಾಲಿನ ಡೇರಿಯ ಬಳಿ ಸಿಕ್ಕವರು ಧಾರಾಳವಾಗಿ ಮಾತಾಡಿದರು, ಸಹಿ ಎಂದೊಡನೆ ಕ್ಯಾನ್ ಎತ್ತಿಕೊಂಡು ಹೊರಟರು. ಕೊನೆಗೆ ಆ ಪ್ರಕರಣದಲ್ಲಿ ಕೊಲೆಯಾದವನ ಅಣ್ಣನ ಮನೆಗೇ ಹೋದೆ. ಆತ ಬಹಳ ಹೊತ್ತು ಸುಮ್ಮನಿದ್ದು, “ಅವನ ತಾಯಿಯನ್ನು ನೋಡಿಕೊಂಡು ಹೋಗಲಿ ಸ್ವಾಮಿ, ನಮ್ಮ ಬೀದಿಗೆ ಮಾತ್ರ ಬರಕೂಡದು” ಎಂದರು. ಆ ಮಾತು ನನ್ನ ಕೈಯಲ್ಲಿದ್ದ ಅಷ್ಟೂ ತೀರ್ಪುಗಳಿಗಿಂತ ತೂಕದ್ದಾಗಿತ್ತು. ತಾಯಿಯನ್ನು ಶ್ರೀರಂಗಪಟ್ಟಣದ ಕಡೆ ಇದ್ದ ಮಗಳ ಮನೆಗೆ ಕರೆಸಿ, ಕೈದಿ ಅಲ್ಲೇ ಇದ್ದು ಸ್ಥಳೀಯ ಠಾಣೆಯಲ್ಲಿ ವಾರಕ್ಕೊಮ್ಮೆ ಸಹಿ ಹಾಕುವನೆಂದು ನಾವೇ ಷರತ್ತು ಮುಂದಿಟ್ಟೆವು.

ತಿರಸ್ಕಾರವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯಲ್ಲಿ ಉಳಿದದ್ದು ಸುಲಭ. ಅಪರಾಧ ಘೋರವೆಂಬ ಒಂದೇ ಕಾರಣಕ್ಕೆ ಪೆರೋಲ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಅಶ್ಫಾಕ್ ಪ್ರಕರಣದಲ್ಲಿ ಹೇಳಿದೆ. ವಕೀಲರಿಗೆ ವಾದಿಸುವ ಅಧಿಕಾರ ಕೊಡುವ ವಕಾಲತ್ತು ಪತ್ರದಲ್ಲಿ ಕೈದಿಯ ಸಹಿಯನ್ನು ಜೈಲಿನ ಅಧಿಕಾರಿ ದೃಢೀಕರಿಸಬೇಕು. ಹೊಸ ವಕೀಲರು ಇದಕ್ಕೇ ದಿನಗಳನ್ನು ಕಳೆಯುತ್ತಾರೆ. ಶುಲ್ಕದ ಚಿಂತೆ ಬೇಡ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ನಮ್ಮ ಅರ್ಜಿ ಷರತ್ತುಗಳೊಡನೆ ಮಂಜೂರಾಯಿತು.

ಅವಧಿಪೂರ್ವ ಬಿಡುಗಡೆಯದು ಬೇರೆಯೇ ದಾರಿ. ಗಲ್ಲು ಶಿಕ್ಷೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿಯಾಗಿದ್ದರೆ ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆದಿರಲೇಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 433ಎ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಂ ಹೇಳುವುದು ಅದನ್ನೇ. ಪೆರೋಲಿನಲ್ಲಿ ಹೊರಗಿದ್ದ ದಿನಗಳು ಈ 14 ವರ್ಷಕ್ಕೆ ಸೇರುವುದಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಗೋವಾದ ಕೈದಿಗಳ ಪ್ರಕರಣದಲ್ಲಿ ತೀರ್ಮಾನಿಸಿದೆ. ಪೆರೋಲ್ ಅರ್ಜಿಗೆ ಸಹಿ ಹಾಕಿಸುವ ಮುನ್ನವೇ ಈ ಲೆಕ್ಕ ಹೇಳಿಬಿಡುತ್ತೇನೆ. ಕೆಲವರು ಬೆರಳು ಮಡಚಿ ಎಣಿಸಿ, ಕೇಳಬೇಕೆಂದಿದ್ದ ದಿನಗಳನ್ನು ತಾವೇ ಕಡಿಮೆ ಮಾಡಿಸುತ್ತಾರೆ.