ಉಗುರುಬೆಚ್ಚಗಿನ ಹೀಟ್ ಸಿಂಕ್

ನಮ್ಮೂರ ಭಜನಾ ಮಂಡಳಿಯವರು ನನ್ನ ರಿಪೇರಿ ಅಂಗಡಿಗೆ ಆಂಪ್ಲಿಫೈಯರ್ ತಂದಿಟ್ಟರು. "ಅಣ್ಣಾ, ಎರಡು ಹಾಡು ಚೆನ್ನಾಗಿ ಬರುತ್ತೆ, ಆಮೇಲೆ ಬಾಯಿ ಮುಚ್ಚುತ್ತೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಹಾಡುತ್ತೆ." ಆಗಲೇ ಯಾರೋ ಅದರ ಐಸಿ, ಅಂದರೆ ಸದ್ದು ಹೆಚ್ಚಿಸುವ ಚಿಪ್, ಬದಲಾಯಿಸಿಕೊಟ್ಟಿದ್ದರಂತೆ. ಹೊಸದರದ್ದೂ ಅದೇ ಆಟ.

ಒಳಗಿದ್ದದ್ದು ಟಿಡಿಎ 7294, ಸಪ್ಲೈ ±35 ವೋಲ್ಟ್. ಈ ಐಸಿ ಒಳಗೆ 145 ಡಿಗ್ರಿ ಮುಟ್ಟಿದರೆ ತಾನೇ ಮ್ಯೂಟ್ ಆಗುತ್ತದೆ, 150ಕ್ಕೆ ಕೆಲಸ ನಿಲ್ಲಿಸಿ ಸ್ಟ್ಯಾಂಡ್‌ಬೈಗೆ ಹೋಗುತ್ತದೆ. ಆರಿದ ಮೇಲೆ ಏಳುತ್ತದೆ. ಟಿಪಿಎ 3116ರಂಥ ಬೇರೆ ಬಗೆಯ (ಕ್ಲಾಸ್ ಡಿ) ಚಿಪ್‌ನಲ್ಲಾದರೆ ಬಿಸಿಗೆ ನಿಂತೆ ಅಂತ ಹೇಳೋಕೆ ಒಂದು ಫಾಲ್ಟ್ ಪಿನ್ ಇದೆ. ಇಲ್ಲಿ ಅದೂ ಇಲ್ಲ.

8 ಓಮ್ ಸ್ಪೀಕರ್ ಬಾಕ್ಸ್ ಹಾಕಿ ಓಡಿಸಿದೆ. ಸದ್ದು ನಿಂತ ತಕ್ಷಣ ಸ್ಟ್ಯಾಂಡ್‌ಬೈ, ಮ್ಯೂಟ್ ಮಾಡಿಸುವ 9 ಮತ್ತು 10ನೇ ಪಿನ್ ಅಳೆದೆ. ಎರಡೂ 5 ವೋಲ್ಟ್ ಹತ್ತಿರ. 3.5ರ ಮೇಲಿದ್ದರೆ ಐಸಿ ಹಾಡಬೇಕು. ಅಂದರೆ ಹೊರಗಿನಿಂದ ಯಾವುದೂ ಮ್ಯೂಟ್ ಮಾಡುತ್ತಿಲ್ಲ. ಸಪ್ಲೈಯೂ ಸರಿ ಇತ್ತು. ಐಸಿಯ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್ ಸಿಂಕ್ ಮುಟ್ಟಿದೆ, ಬರೀ ಉಗುರುಬೆಚ್ಚಗೆ. ಐಸಿ ಬಿಸಿಗೆ ನಿಂತಿದೆ, ಸಿಂಕ್‌ಗೆ ಸುದ್ದಿಯೇ ಇಲ್ಲ!

ಸ್ಕ್ರೂ ಬಿಚ್ಚಿದೆ. ಬಿಸಿಯನ್ನು ಸಿಂಕ್‌ಗೆ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಪುಡಿ ಥರ ಉದುರಿತು. ಕರೆಂಟ್ ದಾಟದಂತೆ ಇಡುವ ಮೈಕಾ ಹಾಳೆ ಮತ್ತು ಸಿಂಕ್ ನಡುವೆ ಸಾಸಿವೆಗಿಂತ ಸಣ್ಣ ಸೋಲ್ಡರ್ ಮಣಿ ಸಿಕ್ಕಿಕೊಂಡಿತ್ತು. ಹಿಂದಿನ ರಿಪೇರಿಯಲ್ಲಿ ಬಿದ್ದದ್ದಿರಬೇಕು. ಐಸಿ ಒಂದು ಕಡೆ ಎತ್ತಿಕೊಂಡೇ ಕೂತಿತ್ತು. ಒರೆಸಿ, ಹೊಸ ಮೈಕಾ ಇಟ್ಟು, ಎರಡೂ ಕಡೆ ತೆಳ್ಳಗೆ ಪೇಸ್ಟ್ ಸವರಿ ಬಿಗಿದೆ. ಚೆನ್ನಾಗಿ ತಣ್ಣಗಾಗಲಿ ಅಂತ ಕೆಲವರು ಮೈಕಾನೇ ತೆಗೆದುಬಿಡುತ್ತಾರೆ. ಇದರ ಬೆನ್ನಿನ ಲೋಹಕ್ಕೆ ಮೈನಸ್ ಸಪ್ಲೈ ಇದೆ, ಸಿಂಕ್ ಆಂಪ್ಲಿಫೈಯರ್ ಪೆಟ್ಟಿಗೆಗೆ ತಾಗಿದ್ದರೆ ಫ್ಯೂಸ್ ಹೋಯಿತು ಅಂತಲೇ ಲೆಕ್ಕ.

ಅಂಗಡಿಯಲ್ಲಿ ಎರಡು ಗಂಟೆ ಹಾಡಿತು. ಭಜನೆ ಮನೆಯಲ್ಲಿ ಮತ್ತೆ ನಿಂತಿತು.

ಹೋಗಿ ನೋಡಿದರೆ ಈ ಸಲ ಸಿಂಕ್ ಮೇಲೆ ಕೈ ಇಡೋಕೆ ಆಗಲ್ಲ. ಎರಡು 8 ಓಮ್ ಬಾಕ್ಸ್ ಪ್ಯಾರಲಲ್ ಹಾಕಿದ್ದರು, ಅಂದರೆ 4 ಓಮ್. ±35 ವೋಲ್ಟ್‌ನಲ್ಲಿ 8 ಓಮ್‌ಗೆ ಐಸಿಯಲ್ಲಿ ಹೆಚ್ಚೆಂದರೆ 31 ವಾಟ್ ಬಿಸಿಯಾಗಿ ಹೋಗುತ್ತದೆ, 4 ಓಮ್‌ಗೆ 62. ಐಸಿ ಒಳಗಿಂದ ಅದರ ಬೆನ್ನಿಗೆ ವಾಟ್‌ಗೆ 1.5 ಡಿಗ್ರಿ ಅಂತಿಟ್ಟುಕೊಂಡರೆ ಅಲ್ಲೇ 93 ಡಿಗ್ರಿ ವ್ಯತ್ಯಾಸ. ಸಿಂಕ್ 50 ದಾಟಿದರೆ ಒಳಗೆ 145ರ ಹತ್ತಿರ, ಮುಗೀತು, ಅಲ್ವಾ? 4 ಓಮ್‌ಗೆ ಈ ಐಸಿಗೆ ±27 ವೋಲ್ಟ್ ಸಾಕು.

ಎರಡೂ ಬಾಕ್ಸನ್ನು ಸೀರೀಸ್ ಮಾಡಿಕೊಟ್ಟೆ, ಅಂದರೆ 16 ಓಮ್. ಭಜನೆ ಮುಗಿಯುವವರೆಗೂ ನಿಲ್ಲಲಿಲ್ಲ.

"ಸೌಂಡ್ ಸ್ವಲ್ಪ ಕಮ್ಮಿ ಆಯ್ತಲ್ಲ ಅಣ್ಣಾ?" ಅಂದರು.