ಫುಲ್ ರೇಸ್ ಕೊಟ್ಟರೂ ಬೋಟು ಓಡ್ತಿಲ್ವಾ?

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ಬಂದ್ ಮುಗಿದು, ಹಿಂದೆ ಪೆಟ್ರೋಲ್ ಇಂಜಿನ್ (ಔಟ್‌ಬೋರ್ಡ್) ಕಟ್ಟಿದ ಗೋವಾದ ಬೋಟುಗಳು ನೀರಿಗಿಳಿಯುವಾಗ ಒಂದೇ ದೂರು: ‘ಸ್ಟಾರ್ಟ್ ಆಗ್ತದೆ, ನಿಧಾನಕ್ಕೆ ಚೆನ್ನಾಗೇ ಓಡ್ತದೆ, ಫುಲ್ ರೇಸ್ ಕೊಟ್ಟರೆ ಮಾತ್ರ ಏದುಸಿರು.’ ವಾಸ್ಕೋದಲ್ಲಿ ನಮ್ಮ ಕಡೆಯ ಹುಡುಗರು ಇದನ್ನು ಕೇಳಿದ ಕೂಡಲೇ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಲು ಕೂರುತ್ತಾರೆ. ಸ್ವಲ್ಪ ತಡೆಯಿರಿ.

ಮೊದಲು ಸುಲಭದ್ದು. ಬೋಟಿನ ತಳಕ್ಕೆ ಚಿಪ್ಪು, ಪಾಚಿ ಅಂಟಿದ್ದರೆ ಕೆರೆಯಿರಿ. ಫ್ಯಾನಿಗೆ (ಪ್ರೊಪೆಲ್ಲರಿಗೆ) ಸುತ್ತಿದ ಬಲೆ ದಾರ ತೆಗೆಯಿರಿ. ಇಂಜಿನ್ ಆಫ್ ಇರುವಾಗ ಹ್ಯಾಂಡಲ್ ಪೂರ್ತಿ ತಿರುಗಿಸಿ, ಕಾರ್ಬೊರೇಟರ್ ಬಾಯಿಯ ತಟ್ಟೆ ಪೂರ್ತಿ ತೆರೆಯುತ್ತದಾ ನೋಡಿ. ಕೇಬಲ್ ಸಡಿಲ ಇದ್ದರೆ ಅಲ್ಲಿಗೇ ಕಥೆ ಮುಗಿಯಿತು.

ಆಮೇಲೆ ಪೆಟ್ರೋಲು. ಟ್ಯಾಂಕಿನ ತಳದಿಂದ ಒಂದಿಷ್ಟು ಗಾಜಿನ ಬಾಟಲಿಗೆ ಎಳೆದು ಹತ್ತು ನಿಮಿಷ ಬಿಡಿ. ಕೆಳಗೆ ಬೇರೆ ಬಣ್ಣದ ಪದರ ಕಂಡರೆ ನೀರು ಸೇರಿದೆ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ, ಮಳೆಗಾಲದ ತೇವವನ್ನು ಅದು ಕುಡಿದುಬಿಡುತ್ತದೆ. ಎರಡು ತಿಂಗಳ ಹಳೆಯ ಪೆಟ್ರೋಲು ಉಳಿಸಲು ಹೋಗಬೇಡಿ. ಅದನ್ನು ‘ಸರಿ ಮಾಡುವ’ ಪುಟ್ಟ ಶೀಶೆಗಳೂ ಸಿಗುತ್ತವೆ. ಆ ದುಡ್ಡಿಗೆ ಹೊಸ ಫಿಲ್ಟರ್ ಬರುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಟ್ಯಾಂಕಿನಿಂದ ಇಂಜಿನ್‌ಗೆ ಹೋಗುವ ಪೈಪಿನ ನಡುವೆ ರಬ್ಬರ್ ಬಲ್ಬು ಇರುತ್ತದಲ್ವಾ, ಅದೇ ನಿಮ್ಮ ಡಾಕ್ಟರು. ದಡದಲ್ಲಿ, ಡ್ರಮ್ಮಿನ ನೀರಿನಲ್ಲಿ ನೋಡಿ ಪ್ರಯೋಜನವಿಲ್ಲ. ಲೋಡ್ ಇಲ್ಲದೆ ಈ ರೋಗ ಕಾಣಿಸುವುದಿಲ್ಲ. ಇಬ್ಬರು ಹೋಗಿ. ಒಬ್ಬ ಹ್ಯಾಂಡಲ್ ಹಿಡಿದು, ಸ್ಟಾಪ್ ಸ್ವಿಚ್ಚಿನ ಹಗ್ಗ ಕೈಗೆ ಕಟ್ಟಿಕೊಂಡು ಫುಲ್ ಕೊಡಲಿ. ಇಂಜಿನ್ ಕುಂಟತೊಡಗಿದ ಕ್ಷಣ ಇನ್ನೊಬ್ಬ ಬಲ್ಬು ಹಿಸುಕಲಿ.

ಹಿಸುಕಿದ ಕೂಡಲೇ ಬೋಟು ಜೋರಾಗಿ ನುಗ್ಗಿತಾ? ಹಾಗಾದರೆ ಪೆಟ್ರೋಲು ಸಾಲುತ್ತಿಲ್ಲ. ಪೈಪಿನ ಕನೆಕ್ಟರಿನಲ್ಲಿ ಗಾಳಿ ಎಳೆಯುತ್ತಿರಬಹುದು, ಇಲ್ಲಾ ಪೆಟ್ರೋಲ್ ಪಂಪಿನೊಳಗಿನ ತೆಳು ಪರದೆ (ಡಯಾಫ್ರಾಮ್) ಸೋತಿರಬಹುದು. ಬಲ್ಬು ತಾನಾಗಿಯೇ ಚಪ್ಪಟೆಯಾಗಿ ಒಳಗೆ ಹೀರಿಕೊಂಡಿದ್ದರೆ ತಡೆ ಟ್ಯಾಂಕಿನ ಕಡೆಗಿದೆ. ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ! ಅರ್ಧ ದಿನ ಪಂಪು ಬಿಚ್ಚಿ, ಕೊನೆಗೆ ಆ ಸ್ಕ್ರೂ ತಿರುಗಿಸಿ ನಕ್ಕವರನ್ನು ನಾನು ಬಲ್ಲೆ. ಹೊಸ ಬಲ್ಬು ಹಾಕುವಾಗ ಅದರ ಮೇಲಿನ ಬಾಣ ಇಂಜಿನ್ ಕಡೆಗಿರಲಿ. ಅಗ್ಗದ ಬಲ್ಬು ಬೇಡವೇ ಬೇಡ. ಅದರೊಳಗಿನ ವಾಲ್ವ್ ಅಂಟಿಕೊಂಡು ಹೊಸ ರೋಗ ತರುತ್ತದೆ.

ಹಿಸುಕಿದರೂ ಏನೂ ಬದಲಾಗಲಿಲ್ಲವಾ? ಚೋಕನ್ನು ಒಂದಿಷ್ಟೇ ಎಳೆಯಿರಿ. ವೇಗ ಏರಿದರೆ ಮೇನ್ ಜೆಟ್, ಅಂದರೆ ಕಾರ್ಬೊರೇಟರಿನೊಳಗೆ ಪೆಟ್ರೋಲು ಹಾಯುವ ಪುಟ್ಟ ತೂತು, ಕಟ್ಟಿರಬಹುದು. ಈಗ ಮಾತ್ರ ಕಾರ್ಬೊರೇಟರ್ ಬಿಚ್ಚಿ. ಜೆಟ್ಟಿನ ಹಿತ್ತಾಳೆ ತೂತನ್ನು ಬೆಳಕಿಗೆ ಹಿಡಿಯಿರಿ, ದುಂಡಗೆ ಕಾಣಬೇಕು. ಕ್ಲೀನರ್ ಸ್ಪ್ರೇಯಲ್ಲಿ ನೆನೆಸಿ ಗಾಳಿ ಹೊಡೆಯಿರಿ. ತಂತಿ ಹಾಕಬೇಡಿ. ನಾನು ಒಮ್ಮೆ ಬ್ರೇಕ್ ಕೇಬಲ್ಲಿನ ಎಳೆ ತೂರಿಸಿದ್ದೆ. ಕೂದಲಷ್ಟು ತೂತು ಹಿಗ್ಗಿತು, ಆ ಸೀಸನ್ ಪೂರ್ತಿ ಹೊಗೆ ಉಗುಳಿಕೊಂಡೇ ಓಡಿಸಿದೆ.

ಪ್ಲಗ್ ಬದಲಿಸುವುದು ಐದು ನಿಮಿಷದ ಕೆಲಸ, ವಿವರಿಸುವುದಿಲ್ಲ. ಇಂಜಿನ್ನನ್ನು ತಂಪು ಮಾಡಿ ಬರುವ ನೀರು ಹಿಂದಿನ ತೂತಿನಿಂದ ಜೋರಾಗಿ ಚಿಮ್ಮುತ್ತಿರಲಿ. ಬಿಸಿಯಾದರೆ ಕೆಲವು ಇಂಜಿನ್‌ಗಳು ತಾವೇ ವೇಗ ಇಳಿಸಿಕೊಳ್ಳುತ್ತವೆ.

ಇಷ್ಟಾದರೂ ಇಂಜಿನ್ನಿನ ಪುಸ್ತಕದಲ್ಲಿ ಬರೆದ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟದಿದ್ದರೆ ಫ್ಯಾನಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ಅಳತೆ, ಜಾಸ್ತಿಯಾಗಿರಬಹುದು. ಒಂದು ಇಂಚು ಕಡಿಮೆಯದು ಹಾಕಿ, ಸುಮಾರು 200 ಆರ್‌ಪಿಎಂ ಏರುತ್ತದೆ. ಹಳೆಯದನ್ನು ಮಾರಬೇಡಿ, ಬೋಟಿನಲ್ಲೇ ಇರಲಿ.